ಕುವೈತ್ ಬಿಟ್ಟು ಬಂದವರ ಲೆಕ್ಕ

1990ರ ಜುಲೈ ಕೊನೆಯವರೆಗೂ ಕುವೈತ್‌ನಲ್ಲಿ ದುಡಿಯುತ್ತಿದ್ದ ಭಾರತೀಯನ ಬದುಕು ನಾಲ್ಕು ಕಾಗದಗಳ ಮೇಲೆ ನಿಂತಿತ್ತು. ಒಂದು ಪಾಸ್‌ಪೋರ್ಟು, ಅದು ಬಹುಮಟ್ಟಿಗೆ ಕಫೀಲನ, ಅಂದರೆ ಕೆಲಸಕ್ಕೆ ಕರೆಸಿಕೊಂಡ ಧಣಿಯ, ಕಪಾಟಿನಲ್ಲಿ. ಇನ್ನೊಂದು ಇಕಾಮಾ, ಅಂದರೆ ವಾಸದ ಪರವಾನಗಿ. ಅದೂ ಕಫೀಲನ ಹೆಸರಿಗೇ ಅಂಟಿಕೊಂಡದ್ದು. ಜೇಬಿನಲ್ಲಿ ಸಿವಿಲ್ ಐಡಿ. ಪೆಟ್ಟಿಗೆಯ ತಳದಲ್ಲಿ ಬ್ಯಾಂಕಿನ ಪಾಸ್‌ಬುಕ್ಕು. ಆಗಸ್ಟ್ 2ರ ಗುರುವಾರ ನಸುಕಿನಲ್ಲಿ ಇರಾಕಿನ ಟ್ಯಾಂಕುಗಳು ಗಡಿ ದಾಟಿದವು. ಅಮೀರ್ ಶೇಖ್ ಜಾಬೆರ್ ಸೌದಿ ಅರೇಬಿಯಾಕ್ಕೆ ಪಾರಾದರು, ಅವರ ತಮ್ಮ ಶೇಖ್ ಫಹಾದ್ ದಸ್ಮಾನ್ ಅರಮನೆಯ ಬಳಿ ಹತರಾದರು. ಕೆಲವೇ ದಿನಗಳಲ್ಲಿ ಈ ನಾಲ್ಕೂ ಕಾಗದಗಳಿಗೆ ಬೆಲೆಯಿಲ್ಲದಂತಾಯಿತು.

ಪಾಸ್‌ಪೋರ್ಟ್ ಕೇಳೋಣವೆಂದರೆ ಕಫೀಲನೇ ಊರಲ್ಲಿಲ್ಲ. ಆಗಸ್ಟ್ ಎಂದರೆ ಅಲ್ಲಿ ಕಡುಬೇಸಿಗೆ. ಅನುಕೂಲಸ್ಥ ಕುವೈತಿಗಳು ಆ ತಿಂಗಳು ಯುರೋಪಿನಲ್ಲೋ ಕೈರೋದಲ್ಲೋ ಇರುವುದು ವಾಡಿಕೆ. ಊರಲ್ಲಿದ್ದವರೂ ಕಾರು ಹತ್ತಿ ಸೌದಿ ಗಡಿಯತ್ತ ಹೊರಟುಬಿಟ್ಟಿದ್ದರು. ಅಂಗಡಿಗೆ ಬೀಗ, ಕಂಪನಿಗೆ ಬೀಗ, ಬ್ಯಾಂಕಿಗೂ ಬೀಗ. ಬಾಗ್ದಾದಿನ ಆಡಳಿತ ಕುವೈತಿ ದಿನಾರನ್ನು ಇರಾಕಿ ದಿನಾರಿಗೆ ಸಮವೆಂದು ಸಾರಿತು, ಮುಂದೆ ಅದರ ಚಲಾವಣೆಯನ್ನೇ ನಿಲ್ಲಿಸಿತು. ಆಕ್ರಮಣಕ್ಕೆ ಮುಂಚೆ ಒಂದು ಕುವೈತಿ ದಿನಾರಿಗೆ ಸುಮಾರು ಮೂರೂವರೆ ಡಾಲರು, ನಮ್ಮ ಲೆಕ್ಕದಲ್ಲಿ ಅರವತ್ತು ರೂಪಾಯಿಯಷ್ಟು ಬೆಲೆ. ಇರಾಕಿ ದಿನಾರಿಗೆ ಪೇಟೆಯಲ್ಲಿ ಇದ್ದದ್ದು ಅದರ ಒಂದು ಚೂರು. ಹತ್ತು ವರ್ಷ ಉಳಿಸಿದ್ದ ದುಡ್ಡು ಪಾಸ್‌ಬುಕ್ಕಿನಲ್ಲಿ ಹಾಗೇ ಇತ್ತು, ಅದಕ್ಕೆ ಏನೂ ಬರುತ್ತಿರಲಿಲ್ಲ ಅಷ್ಟೇ.

ಕೆಲಸ ಹೋಗುವುದರಲ್ಲಿ ಹಲವು ಬಗೆ. ನೋಟಿಸು ಕೊಟ್ಟು ಬಿಡಿಸುವುದು ಒಂದು, ಕಾರ್ಖಾನೆ ಮುಚ್ಚುವುದು ಇನ್ನೊಂದು. ಎರಡರಲ್ಲೂ ಜಗಳವಾಡಲು ಎದುರಿಗೆ ಒಬ್ಬ ಧಣಿ ಇರುತ್ತಾನೆ. ಕುವೈತ್‌ನಲ್ಲಿ ಯಾರೂ ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಧಣಿಯೂ ಅವನ ಸರ್ಕಾರವೂ ಒಟ್ಟಿಗೇ ಮಾಯವಾದರು. 1964ರ ಕುವೈತ್ ಕಾರ್ಮಿಕ ಕಾನೂನಿನಲ್ಲಿ ಸೇವೆ ಮುಗಿದಾಗ ಕೊಡಬೇಕಾದ ಹಣದ ಲೆಕ್ಕವಿತ್ತು, ಅದನ್ನು ಕೇಳಲು ಈಗ ಕಚೇರಿಯೇ ಇರಲಿಲ್ಲ. ಮನೆಗೆಲಸದವರಿಗಂತೂ ಆ ಕಾನೂನು ಮೊದಲಿಂದಲೂ ಅನ್ವಯಿಸುತ್ತಿರಲಿಲ್ಲ. ಅವರಿಗಾಗಿ ಕುವೈತ್ ಪ್ರತ್ಯೇಕ ಕಾನೂನು ಮಾಡಿದ್ದು 2015ರಲ್ಲಿ.

ಆಗ ಕುವೈತ್‌ನಲ್ಲಿದ್ದ ಭಾರತೀಯರು ಸುಮಾರು 1.7 ಲಕ್ಷ. ಈ ನಂಟು ಹಳೆಯದು. ಕುವೈತ್‌ಗೆ ಸ್ವಂತ ದಿನಾರ್ ಬಂದದ್ದೇ 1961ರಲ್ಲಿ. ಅಲ್ಲಿಯವರೆಗೆ ಪೇಟೆಯಲ್ಲಿ ಓಡುತ್ತಿದ್ದದ್ದು ಭಾರತದ ರೂಪಾಯಿ. ಮೊದಲು ಹೋದವರು ಗುಮಾಸ್ತರು, ದಾದಿಯರು, ವ್ಯಾಪಾರಿಗಳು. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಗಾರೆಯವರು, ವೆಲ್ಡರುಗಳು, ಚಾಲಕರು, ಅಡುಗೆಯವರು, ಮನೆಗೆಲಸದ ಹೆಂಗಸರು ಹೊರಟರು. ದಕ್ಷಿಣ ಕನ್ನಡದ ಮಟ್ಟಿಗೆ (ಆಗ ಉಡುಪಿ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ) ಈ ಯಾತ್ರೆಯ ಫಲ ಕಣ್ಣಿಗೆ ಕಾಣುವಂತಿತ್ತು: ಹೆಂಚಿನ ಮನೆಯ ಜಾಗದಲ್ಲಿ ತಾರಸಿ ಮನೆ, ತಿಂಗಳಿಗೊಂದು ಡ್ರಾಫ್ಟು, ತಂಗಿಯ ಮದುವೆಗೆ ಬಂಗಾರ. ಅದೇ ಜಿಲ್ಲೆಯಲ್ಲಿ ಹುಟ್ಟಿದ ಬ್ಯಾಂಕುಗಳು ಗಲ್ಫ್‌ನ ಠೇವಣಿಗಳನ್ನು ಬಹಳ ಅಕ್ಕರೆಯಿಂದ ನೋಡಿಕೊಳ್ಳುತ್ತಿದ್ದವು. ಹೋದವನು ಏಜೆಂಟನಿಗೆ ಎಷ್ಟು ಕೊಟ್ಟು ಹೋದ, ಆ ಸಾಲ ತೀರಿತೇ ಎಂಬುದು ಮಾತ್ರ ಮನೆಯವರೊಳಗಿನ ಮಾತಾಗಿ ಉಳಿಯುತ್ತಿತ್ತು.

ಆ ಆಗಸ್ಟಿನಲ್ಲಿ ನಮ್ಮ ಪತ್ರಿಕೆಗಳಲ್ಲಿ ಜಾಗಕ್ಕೆ ಬಹಳ ಪೈಪೋಟಿಯಿತ್ತು. 7ನೇ ತಾರೀಖು ಪ್ರಧಾನಿ ವಿ.ಪಿ. ಸಿಂಗ್ ಹಿಂದುಳಿದ ವರ್ಗಗಳ ಮೀಸಲಾತಿ ಕುರಿತ ಮಂಡಲ್ ಶಿಫಾರಸನ್ನು ಜಾರಿ ಮಾಡುವುದಾಗಿ ಸಾರಿದ್ದರು. ಉತ್ತರ ಭಾರತ ಹೊತ್ತಿಕೊಂಡಿತ್ತು. ಇತ್ತ ಕರ್ನಾಟಕದಲ್ಲಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರ ಕುರ್ಚಿ ಅಲುಗಾಡತೊಡಗಿತ್ತು. ಕುವೈತ್‌ನ ಟೆಲಿಫೋನ್ ಸಂಪರ್ಕ ಕಡಿದುಹೋಗಿದ್ದರಿಂದ ಕರಾವಳಿಯ ಮನೆಗಳಿಗೆ ಸುದ್ದಿಯ ಮೂಲವೆಂದರೆ ರೇಡಿಯೊ, ಇಲ್ಲವೇ ಹೇಗೋ ಪಾರಾಗಿ ಬಂದ ಮೊದಲ ಕೆಲವರು.

ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಆಗಸ್ಟಿನಲ್ಲೇ ಬಾಗ್ದಾದಿಗೆ ಹೋಗಿ ಸದ್ದಾಂ ಹುಸೇನರನ್ನು ಕಂಡರು. ಸದ್ದಾಂ ಅವರನ್ನು ತಬ್ಬಿಕೊಂಡ ಚಿತ್ರ ಜಗತ್ತಿನ ಪತ್ರಿಕೆಗಳಲ್ಲಿ ಬಂತು, ಗುಜ್ರಾಲರು ಸಾಕಷ್ಟು ಬೈಸಿಕೊಂಡರು. ಆಕ್ರಮಣವನ್ನು ಖಂಡಿಸುವುದರಲ್ಲಿ ಭಾರತ ಹಿಂದೆಮುಂದೆ ನೋಡಿತು ಎಂಬ ಆರೋಪ ಸುಳ್ಳೇನಲ್ಲ. ಆದರೆ ಒಂದೂಮುಕ್ಕಾಲು ಲಕ್ಷ ಜನ ಇನ್ನೊಬ್ಬನ ಕೈಯಲ್ಲಿರುವಾಗ ಒಂದು ಅಪ್ಪುಗೆ ತೀರಾ ದುಬಾರಿಯಾಯಿತು ಅಂತ ನನಗನ್ನಿಸುವುದಿಲ್ಲ. ಕುವೈತ್‌ನಲ್ಲಿರುವ ರಾಯಭಾರ ಕಚೇರಿಗಳೆಲ್ಲ ಆಗಸ್ಟ್ 24ರೊಳಗೆ ಮುಚ್ಚಬೇಕೆಂದು ಇರಾಕ್ ಗಡುವು ಕೊಟ್ಟಾಗ ಪಾಶ್ಚಾತ್ಯ ದೇಶಗಳು ಪ್ರತಿಭಟಿಸಿ ಕೂತವು. ಭಾರತ ತನ್ನ ಕಚೇರಿಯನ್ನು ಸದ್ದಿಲ್ಲದೆ ಬಸ್ರಾಕ್ಕೆ ಸಾಗಿಸಿತು. ಕುವೈತ್ ಬಿಟ್ಟು ಹೊರಟವರ ದಾರಿ ಬಸ್ರಾದ ಮೇಲೇ ಹಾಯುತ್ತಿತ್ತು.

ಆ ದಾರಿ ಹೀಗೆ: ಕುವೈತ್‌ನಿಂದ ಬಸ್ರಾ, ಬಸ್ರಾದಿಂದ ಬಾಗ್ದಾದ್, ಅಲ್ಲಿಂದ ಪಶ್ಚಿಮಕ್ಕೆ ಮರುಭೂಮಿಯಲ್ಲಿ ಜೋರ್ಡಾನ್ ಗಡಿ, ಆಮೇಲೆ ಅಮ್ಮಾನ್. ಸಾವಿರ ಕಿಲೋಮೀಟರಿಗೂ ಹೆಚ್ಚು. ಬಸ್ಸು ಸಿಕ್ಕವರು ಬಸ್ಸಿನಲ್ಲಿ, ಉಳಿದವರು ಲಾರಿಗಳಲ್ಲಿ. ಕುವೈತ್‌ನ ಭಾರತೀಯ ಶಾಲೆಗಳಲ್ಲಿ ಜನ ಸೇರತೊಡಗಿದರು. ವ್ಯಾಪಾರಿಗಳು, ಕಂಪನಿ ಅಧಿಕಾರಿಗಳು ಕೂಡಿ ಸಮಿತಿ ಕಟ್ಟಿಕೊಂಡು ಅಕ್ಕಿ ಬೇಳೆ ಹೊಂದಿಸಿದರು, ಬಸ್ಸುಗಳನ್ನು ಗೊತ್ತುಮಾಡಿದರು, ಯಾರು ಎಂದು ಹೊರಡಬೇಕೆಂದು ಪಟ್ಟಿ ಬರೆದರು. ‘ಟೊಯೋಟಾ ಸನ್ನಿ’ ಎಂದೇ ಹೆಸರಾಗಿದ್ದ ಕೇರಳದ ಮಥುಣ್ಣಿ ಮ್ಯಾಥ್ಯೂಸ್ ಅಂಥವರಲ್ಲೊಬ್ಬರು. 2016ರಲ್ಲಿ ಬಂದ ‘ಏರ್‌ಲಿಫ್ಟ್’ ಹಿಂದಿ ಸಿನಿಮಾ ಈ ಇಡೀ ಕೆಲಸವನ್ನು ಒಬ್ಬ ನಾಯಕನ ಹೆಗಲಿಗೆ ಏರಿಸಿತು. ಅಧಿಕಾರಿಗಳನ್ನು ನಿದ್ದೆಗಣ್ಣಿನವರಂತೆ ತೋರಿಸಿತೆಂದು ವಿದೇಶಾಂಗ ಇಲಾಖೆಯ ಹಳಬರು ಸಿಟ್ಟಾದರು. ಸಿನಿಮಾಕ್ಕೆ ನಾಯಕ ಬೇಕು, ಸರಿ. ನಿಜವಾಗಿ ನಡೆದದ್ದು ಗುಮಾಸ್ತಿಕೆ: ಹೆಸರು ಬರೆಯುವುದು, ಪಾಸ್‌ಪೋರ್ಟ್ ಇಲ್ಲದವರಿಗೆ ತಾತ್ಕಾಲಿಕ ಪ್ರಯಾಣಪತ್ರ ಮಾಡಿಕೊಡುವುದು, ಬಸ್ಸಿನಲ್ಲಿ ತಲೆ ಎಣಿಸುವುದು. ಆ ಗುಮಾಸ್ತಿಕೆ ಮುಂದೆ ಯಾರೂ ನಿರೀಕ್ಷಿಸದ ರೀತಿಯಲ್ಲಿ ಕೆಲಸಕ್ಕೆ ಬಂತು.

ಇರಾಕ್ ಮತ್ತು ಜೋರ್ಡಾನ್ ನಡುವೆ ಯಾರಿಗೂ ಸೇರದ ಒಂದು ಮರಳುಪಟ್ಟಿಯಿದೆ. ಆ ಆಗಸ್ಟಿನಲ್ಲಿ ಅದು ಒಂದು ನಗರವಾಯಿತು. ಶಾಲಾನ್ ಎಂಬ ಶಿಬಿರದಲ್ಲಿ ಬಂಗಾಳಿಗಳು, ಸಿಂಹಳರು, ಫಿಲಿಪಿನೊಗಳು, ಭಾರತೀಯರು ಹತ್ತಾರು ಸಾವಿರ ಸಂಖ್ಯೆಯಲ್ಲಿ ಬಂದು ಬಿದ್ದರು. ಹಗಲು ಸುಡುವ ಬಿಸಿಲು, ರಾತ್ರಿ ಕೊರೆಯುವ ಚಳಿ. ನೀರಿನ ಟ್ಯಾಂಕರ್ ಬಂದರೆ ನೂಕುನುಗ್ಗಲು. ಮೂವತ್ತು ಚಿಲ್ಲರೆ ಲಕ್ಷ ಜನಸಂಖ್ಯೆಯ ಬಡ ಜೋರ್ಡಾನ್ ಮೂರು ತಿಂಗಳಲ್ಲಿ ಏಳು ಲಕ್ಷಕ್ಕೂ ಹೆಚ್ಚು ಪರದೇಶಿಗಳನ್ನು ತನ್ನ ನೆಲದ ಮೇಲೆ ಹಾಯಿಸಿ ಕಳಿಸಿತು. ಬೇಗ ವಿಮಾನ ಕಳಿಸಿದ ದೇಶದವರು ಬೇಗ ಹೊರಟರು. ವಿಮಾನ ಕಳಿಸಲಾರದ ದೇಶದವರು ಗುಡಾರದಲ್ಲಿ ಉಳಿದರು. ಒಂದೇ ಮನೆಯಲ್ಲಿ ಕೆಲಸಕ್ಕಿದ್ದ ಮಲಯಾಳಿ ಅಡುಗೆಯವನಿಗೂ ಶ್ರೀಲಂಕಾದ ಆಯಾಗೂ ಊರು ಸೇರುವ ದಿನ ಬೇರೆ ಬೇರೆಯಾಗಲು ಕಾರಣ ಅವರವರ ಸರ್ಕಾರದ ಬಳಿಯಿದ್ದ ವಿಮಾನಗಳು.

ಏರ್ ಇಂಡಿಯಾ, ಇಂಡಿಯನ್ ಏರ್‌ಲೈನ್ಸ್ ಕೂಡಿ ಅಮ್ಮಾನಿನಿಂದ ಬೊಂಬಾಯಿಗೆ ಆಗಸ್ಟ್ 13ರಿಂದ ಅಕ್ಟೋಬರ್ 11ರವರೆಗೆ 488 ಸಲ ಹಾರಿದವು. ಕರೆತಂದ ಜನ 1.11 ಲಕ್ಷಕ್ಕೂ ಹೆಚ್ಚು. ನಾಗರಿಕ ವಿಮಾನ ಸಂಸ್ಥೆಯೊಂದು ಮಾಡಿದ ಅತಿ ದೊಡ್ಡ ತೆರವೆಂದು ಅದು ಗಿನ್ನೆಸ್ ದಾಖಲೆಗೆ ಸೇರಿತು. ಕುವೈತ್‌ನಲ್ಲಿ ಇನ್ನೂ ಉಳಿದವರಿಗಾಗಿ ಭದ್ರತಾ ಮಂಡಳಿಯ ಒಪ್ಪಿಗೆ ಪಡೆದು ಸೆಪ್ಟೆಂಬರಿನಲ್ಲಿ ‘ವಿಶ್ವಸಿದ್ಧಿ’ ಹಡಗಿನಲ್ಲಿ ಆಹಾರಧಾನ್ಯ ಕಳಿಸಲಾಯಿತು. ಕೊನೆಯ ವಿಮಾನ ಬಂದ ಆ ವಾರ ಕರ್ನಾಟಕದಲ್ಲಿ ಸರ್ಕಾರವೇ ಇರಲಿಲ್ಲ. ವೀರೇಂದ್ರ ಪಾಟೀಲರು ಇಳಿದು ರಾಷ್ಟ್ರಪತಿ ಆಳ್ವಿಕೆ ಬಂದಿತ್ತು, ಬಂಗಾರಪ್ಪನವರು ಪ್ರಮಾಣವಚನ ಸ್ವೀಕರಿಸಿದ್ದು 17ರಂದು.

ಬೊಂಬಾಯಿಯಲ್ಲಿ ಇಳಿದ ಮಂಗಳೂರಿಗನಿಗೆ ಊರು ಇನ್ನೂ ದೂರವೇ. ಮಂಗಳೂರಿನ ವಿಮಾನ ನಿಲ್ದಾಣವಾದ ಬಜ್ಪೆಗೆ ಗಲ್ಫ್‌ನಿಂದ ನೇರ ವಿಮಾನ ಬರತೊಡಗಿದ್ದು 2006ರಲ್ಲಿ. ಕೊಂಕಣ ರೈಲ್ವೆ ನಿಗಮ ಹುಟ್ಟಿ ಆಗಿನ್ನೂ ಒಂದೆರಡು ತಿಂಗಳಾಗಿತ್ತಷ್ಟೆ, ರೈಲು ಓಡಲು ಇನ್ನೂ ಎಂಟು ವರ್ಷ ಬೇಕಿತ್ತು. ಹಾಗಾಗಿ ಒಂದು ಹಗಲು ಒಂದು ರಾತ್ರಿಯ ಬಸ್ಸು. ರಜೆಗೆ ಬರುವಾಗಿನ ಹಾಗೆ ಪೆಟ್ಟಿಗೆಗಳಿಲ್ಲ, ಟೇಪ್ ರೆಕಾರ್ಡರಿಲ್ಲ, ಅತ್ತರಿಲ್ಲ. ಒಂದು ಕೈಚೀಲ ಹಿಡಿದು ಬಂದವನಿಗೆ ಮೊದಲ ವಾರ ‘ಜೀವ ಉಳಿಯಿತಲ್ಲ’ ಎಂಬ ಮಾತು. ಎರಡನೆಯ ತಿಂಗಳಿಂದ ಏಜೆಂಟನ ಸಾಲ, ಅರ್ಧ ಕಟ್ಟಿದ ಮನೆ, ನಿಶ್ಚಯವಾಗಿದ್ದ ಮದುವೆ. ದೇಶದ ಮಟ್ಟದಲ್ಲೂ ಇದೇ ಕಥೆ. ತೈಲದ ಬೆಲೆ ಏರಿತ್ತು, ಗಲ್ಫ್‌ನಿಂದ ಬರುವ ಹಣ ಬತ್ತಿತ್ತು. 1991ರಲ್ಲಿ ಭಾರತ ಚಿನ್ನ ಅಡವಿಟ್ಟದ್ದರ ಹಿಂದಿನ ಕಾರಣಗಳಲ್ಲಿ ಇದೂ ಒಂದು. ಚಿನ್ನದ ಕಥೆಯನ್ನು ಎಲ್ಲರೂ ಬರೆದಿದ್ದಾರೆ. ಕೆಲಸ ಕಳೆದುಕೊಂಡು ಬಂದವರಿಗೆ ಮುಂದೇನಾಯಿತು ಎಂಬುದನ್ನು ಬರೆದವರು ಕಡಿಮೆ.

ಆದದ್ದು ಇದು. ಕುವೈತ್ ವಿಮೋಚನೆಯಾಗಿ ಒಂದು ತಿಂಗಳು ಕಳೆದ ಮೇಲೆ, 1991ರ ಏಪ್ರಿಲ್ 3ರಂದು ಭದ್ರತಾ ಮಂಡಳಿ 687ನೇ ನಿರ್ಣಯ ಕೈಗೊಂಡಿತು. ಆಕ್ರಮಣದಿಂದ ನೇರವಾಗಿ ಆದ ಎಲ್ಲ ನಷ್ಟಕ್ಕೂ ಇರಾಕೇ ಹೊಣೆ, ಅದು ಪರದೇಶಗಳಿಗಾದ ನಷ್ಟವಿರಲಿ, ವ್ಯಕ್ತಿಗಳಿಗಾದದ್ದಿರಲಿ, ಕಂಪನಿಗಳಿಗಾದದ್ದಿರಲಿ. ಮೇ 20ರಂದು 692ನೇ ನಿರ್ಣಯದಿಂದ ಜಿನೀವಾದಲ್ಲಿ ವಿಶ್ವಸಂಸ್ಥೆಯ ಪರಿಹಾರ ಆಯೋಗ ಹುಟ್ಟಿತು. ಇರಾಕಿನ ತೈಲದ ಆದಾಯದಲ್ಲಿ ನೂರಕ್ಕೆ ಮೂವತ್ತರಷ್ಟು ಇದರ ನಿಧಿಗೆ ಹೋಗಬೇಕು.

ಯುದ್ಧದಲ್ಲಿ ಸೋತವನಿಂದ ಗೆದ್ದವರು ದಂಡ ಕಕ್ಕಿಸುವುದು ಹೊಸದಲ್ಲ. ಆ ದಂಡದಲ್ಲಿ ಮೊದಲ ಪಾಲು ಖಜಾನೆಗೆ, ಆಮೇಲೆ ದೊಡ್ಡ ಕಂಪನಿಗಳಿಗೆ. ಕೂಲಿಯವನ ಸರದಿ ಬರುತ್ತಲೇ ಇರಲಿಲ್ಲ. ಆಯೋಗದ ಆಡಳಿತ ಮಂಡಳಿ 1991ರ ಆಗಸ್ಟ್ 2ರಂದು, ಅಂದರೆ ಆಕ್ರಮಣಕ್ಕೆ ಸರಿಯಾಗಿ ವರ್ಷ ತುಂಬಿದ ದಿನ, ತನ್ನ ಮೊದಲನೆಯ ತೀರ್ಮಾನದಲ್ಲೇ ಈ ಸಾಲನ್ನು ತಿರುಗಿಸಿತು. ವ್ಯಕ್ತಿಗಳ ಅರ್ಜಿ ಮೊದಲು, ಕಂಪನಿ ಸರ್ಕಾರಗಳದ್ದು ಆಮೇಲೆ. ವ್ಯಕ್ತಿಗಳ ಸಣ್ಣ, ತುರ್ತು ಅರ್ಜಿಗಳಲ್ಲಿ ಮೂರು ವರ್ಗ. ಬಿ ವರ್ಗ ಸಾವು ಮತ್ತು ಗಾಯಕ್ಕೆ. ಸಿ ವರ್ಗ ಒಂದು ಲಕ್ಷ ಡಾಲರ್‌ವರೆಗಿನ ನಷ್ಟಕ್ಕೆ: ಹೋದ ಸಂಬಳ, ಬ್ಯಾಂಕಿನಲ್ಲಿ ಸಿಕ್ಕಿಬಿದ್ದ ಹಣ, ಬಿಟ್ಟುಬಂದ ಸಾಮಾನು. ನನಗೆ ಅತಿ ಜಾಣತನದ್ದು ಅನ್ನಿಸುವುದು ಎ ವರ್ಗ.

ಎ ವರ್ಗದ ಅರ್ಜಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ ಎನ್ನಬಹುದು: 1990ರ ಆಗಸ್ಟ್ 2ರಿಂದ 1991ರ ಮಾರ್ಚ್ 2ರ ನಡುವೆ ಇರಾಕ್ ಅಥವಾ ಕುವೈತನ್ನು ಬಿಟ್ಟು ಹೊರಟಿರಾ? ಹೌದಾದರೆ ಒಬ್ಬರಿಗೆ 2,500 ಡಾಲರು, ಕುಟುಂಬಕ್ಕೆ 5,000. ಬೇರೆ ಯಾವ ವರ್ಗದಲ್ಲೂ ಅರ್ಜಿ ಹಾಕುವುದಿಲ್ಲ ಎಂದು ಒಪ್ಪಿದರೆ 4,000 ಮತ್ತು 8,000. ಎಷ್ಟು ಸಂಬಳವಿತ್ತು, ಕರಾರು ಪತ್ರ ಎಲ್ಲಿ, ಕಫೀಲನ ಸಹಿ ಎಲ್ಲಿ ಎಂದು ಕೇಳಲಿಲ್ಲ. ಇವೆಲ್ಲ ಕೆಲಸಗಾರನ ಕೈಯಲ್ಲಿ ಇರುವುದಿಲ್ಲ ಎಂಬುದನ್ನು ನಿಯಮ ಬರೆದವರು ಮೊದಲೇ ತಿಳಿದಿದ್ದರು. ಸಾಬೀತು ಮಾಡುವ ಭಾರವನ್ನು ಓಡಿಬಂದವನ ತಲೆಯ ಮೇಲಿಂದ ಇಳಿಸಿದರೆ ಉಳಿದದ್ದು ತಾನಾಗಿ ಸಲೀಸಾಗುತ್ತದೆ. ನಮ್ಮಲ್ಲಿ ಒಂದು ವಿಧವಾ ವೇತನಕ್ಕೆ ಎಷ್ಟು ದಾಖಲೆ ಜೋಡಿಸಬೇಕು ಎಂಬುದನ್ನು ಬಲ್ಲವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಹೊರಟದ್ದನ್ನು ತೋರಿಸುವುದು ಹೇಗೆ? ಇಲ್ಲಿ ಆ ಗುಮಾಸ್ತಿಕೆ ಬಂತು. ಎ ವರ್ಗದಲ್ಲಿ ಸುಮಾರು 77 ಸರ್ಕಾರಗಳಿಂದಲೂ ಅಂತಾರಾಷ್ಟ್ರೀಯ ಸಂಸ್ಥೆಗಳಿಂದಲೂ ಬಂದ ಅರ್ಜಿಗಳು 9.2 ಲಕ್ಷದಷ್ಟು. ಒಂದೊಂದನ್ನೂ ತೆಗೆದು ವಿಚಾರಣೆ ನಡೆಸಿದ್ದರೆ ಇಂದಿಗೂ ಮುಗಿಯುತ್ತಿರಲಿಲ್ಲ. ಆಯೋಗದವರು ವಿಮಾನಗಳ ಪ್ರಯಾಣಿಕರ ಪಟ್ಟಿ, ಗಡಿಠಾಣೆಗಳ ದಾಖಲೆ, ತೆರವು ನಡೆಸಿದ ಸಂಸ್ಥೆಗಳ ಕಡತ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ ಅರ್ಜಿಯ ಹೆಸರುಗಳಿಗೆ ತಾಳೆ ನೋಡಿದರು. ತಾಳೆಯಾಗದವುಗಳಲ್ಲಿ ಮಾದರಿ ಆರಿಸಿ ಪರೀಕ್ಷಿಸಿ, ಸಂಖ್ಯಾಶಾಸ್ತ್ರದ ಲೆಕ್ಕದಿಂದ ಉಳಿದವನ್ನು ತೀರ್ಮಾನಿಸಿದರು. ಒಂದೇ ಹೆಸರನ್ನು ಅರಬ್ಬಿಯಿಂದ ಇಂಗ್ಲಿಷಿಗೆ ಹತ್ತು ಬಗೆಯಲ್ಲಿ ಬರೆದಿರುವ ಪಟ್ಟಿಗಳನ್ನು ತಾಳೆ ಹಾಕುವುದೆಂದರೆ ಸಣ್ಣ ಕೆಲಸವಲ್ಲ. ಕೊನೆಗೆ 8.5 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಮಂಜೂರಾದವು, ಒಟ್ಟು ಮೂರು ಶತಕೋಟಿ ಡಾಲರಿಗೂ ಮೇಲೆ.

ಅರ್ಜಿಯನ್ನು ಜಿನೀವಾಕ್ಕೆ ನೇರವಾಗಿ ಕಳಿಸುವಂತಿರಲಿಲ್ಲ. ಆಯಾ ಸರ್ಕಾರವೇ ಸಂಗ್ರಹಿಸಿ ಸಲ್ಲಿಸಬೇಕು, ಹಣವೂ ಸರ್ಕಾರದ ಮೂಲಕವೇ ಬರಬೇಕು. ಖರ್ಚಿಗೆಂದು ಸರ್ಕಾರ ಹಿಡಿದುಕೊಳ್ಳಬಹುದಾದದ್ದು ಈ ಸಣ್ಣ ಅರ್ಜಿಗಳಲ್ಲಿ ನೂರಕ್ಕೆ ಒಂದೂವರೆ ಮಾತ್ರ. ಭಾರತದಲ್ಲಿ ವಿದೇಶಾಂಗ ಇಲಾಖೆ ಇದಕ್ಕೆಂದೇ ಒಂದು ಕುವೈತ್ ಘಟಕ ತೆರೆಯಿತು. ಸರ್ಕಾರವೇ ಇಲ್ಲದ ಪ್ಯಾಲೆಸ್ತೀನಿಯರ ಪರವಾಗಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಅರ್ಜಿ ಹಾಕಿದವು. ಈಜಿಪ್ಟಿನದು ಇನ್ನೊಂದು ತಮಾಷೆ: ಇರಾಕಿನಲ್ಲಿ ದುಡಿದು ಊರಿಗೆ ಕಳಿಸಿದ ಹಣ ಬ್ಯಾಂಕುಗಳಲ್ಲೇ ನಿಂತುಹೋದ ಕಾರ್ಮಿಕರ ಪರವಾಗಿ ಈಜಿಪ್ಟಿನ ಕೇಂದ್ರ ಬ್ಯಾಂಕು ಹನ್ನೆರಡು ಲಕ್ಷಕ್ಕೂ ಹೆಚ್ಚು ಕೋರಿಕೆಗಳನ್ನು ಒಂದೇ ಕಟ್ಟಾಗಿ ತಂದಿಟ್ಟಿತು.

ಅರ್ಜಿ ಹಾಕುವವನ ಮುಂದಿದ್ದ ಪ್ರಶ್ನೆ: ಎ ವರ್ಗದ ನಾಲ್ಕು ಸಾವಿರ ಡಾಲರು ಈಗ ಸಾಕೇ, ಇಲ್ಲ ಸಿ ವರ್ಗದಲ್ಲಿ ಹೆಚ್ಚಿಗೆ ಕೇಳಿ ಕಾಯುವುದೇ? ಹದಿನೈದು ವರ್ಷ ಅಲ್ಲಿದ್ದು ಫ್ಲ್ಯಾಟು ತುಂಬ ಸಾಮಾನು, ಬ್ಯಾಂಕಿನಲ್ಲಿ ಹಣ ಬಿಟ್ಟುಬಂದ ಅಕೌಂಟೆಂಟನಿಗೆ ಸಿ ವರ್ಗ ಲಾಭ, ಅವನ ಬಳಿ ರಸೀದಿಗಳೂ ಇರುವ ಸಂಭವ ಹೆಚ್ಚು. ಎರಡು ವರ್ಷದ ಹಿಂದಷ್ಟೇ ಹೋಗಿದ್ದ ಗಾರೆಯವನಿಗೆ ಎ ವರ್ಗವೇ ಲೇಸು. ತಿಂಗಳಿಗೆ ಐವತ್ತು ದಿನಾರ್ ಸಂಬಳದವನಿಗೆ ನಾಲ್ಕು ಸಾವಿರ ಡಾಲರ್ ಎಂದರೆ ಸುಮಾರು ಎರಡು ವರ್ಷದ ಗಳಿಕೆ. ನಿಗದಿ ಮೊತ್ತ ಕೊಡುವುದರ ಗುಣವೇ ಇದು. ಕಡಿಮೆ ಸಂಬಳದವನಿಗೆ ಅದು ಹೆಚ್ಚು ದಕ್ಕುತ್ತದೆ.

ದಕ್ಕುವುದಕ್ಕೆ ಹಣವಿರಬೇಕಲ್ಲ. ತೈಲ ಮಾರಿ ಪಾಲು ಕೊಡು ಎಂದರೆ ಸದ್ದಾಂ ತೈಲವನ್ನೇ ಮಾರುವುದಿಲ್ಲ ಎಂದು ಕೂತರು. ಆಯೋಗ ತೀರ್ಪು ಕೊಡುತ್ತ ಹೋಯಿತು, ನಿಧಿ ಬರಿದಾಗಿತ್ತು. 1994ರಲ್ಲಿ ಬಿ ವರ್ಗದ ಕೆಲವರಿಗೆ ಒಂದಿಷ್ಟು ಸಂದಾಯವಾಯಿತು, ಅಷ್ಟೆ. ‘ಆಹಾರಕ್ಕಾಗಿ ತೈಲ’ ಒಪ್ಪಂದವಾಗಿ 1996ರ ಡಿಸೆಂಬರಿನಲ್ಲಿ ಇರಾಕಿನ ತೈಲ ಮತ್ತೆ ಹರಿದ ಮೇಲೆ ಮಾತ್ರ ಎ ವರ್ಗದವರಿಗೆ ಕಂತು ಕಂತಾಗಿ ಹಣ ಬರತೊಡಗಿತು. ಅಷ್ಟರಲ್ಲಿ ರೂಪಾಯಿ ಬಿದ್ದು ಡಾಲರಿಗೆ ಮೂವತ್ತಾರರ ಆಸುಪಾಸಿಗೆ ಬಂದಿತ್ತು. ನಾಲ್ಕು ಸಾವಿರ ಡಾಲರು ಸುಮಾರು 1.44 ಲಕ್ಷ ರೂಪಾಯಿಯಾಯಿತು. 1990ರಲ್ಲೇ ಬಂದಿದ್ದರೆ ಎಪ್ಪತ್ತು ಸಾವಿರ. ಸಾಲ ಕೊಟ್ಟವನು ಮನೆಬಾಗಿಲಲ್ಲಿ ಕೂತಿದ್ದಾಗ ಬರಬೇಕಿದ್ದ ಹಣ ಆರೇಳು ವರ್ಷ ತಡವಾಗಿ ಬಂದರೆ ಅದನ್ನು ರಕ್ಷಣೆ ಎನ್ನಲು ಬರುವುದಿಲ್ಲ, ಪರಿಹಾರ ಎನ್ನಬಹುದು. ಕೆಲಸ ಹೋದ ಮರುತಿಂಗಳ ಊಟಕ್ಕೆ ಆಯೋಗದ ಬಳಿ ಉತ್ತರವಿರಲಿಲ್ಲ.

ಇನ್ನೊಂದು ಕಹಿಯೂ ಇದೆ. ಆ ಮೂವತ್ತು ಭಾಗ ಬಂದದ್ದು ದಿಗ್ಬಂಧನದಲ್ಲಿ ನಲುಗುತ್ತಿದ್ದ ಇರಾಕಿನ ತೈಲದಿಂದ, ಅಲ್ಲಿನ ಆಸ್ಪತ್ರೆಗಳಲ್ಲಿ ಔಷಧಿ ಇಲ್ಲದ ವರ್ಷಗಳಲ್ಲಿ. ಎ ವರ್ಗದ ಸಣ್ಣ ಮೊತ್ತಗಳ ಬಗ್ಗೆ ಯಾರೂ ಬೆರಳು ತೋರಿಸಲಾರರು. ಆದರೆ ಆಯೋಗ ಕೊಟ್ಟ ಒಟ್ಟು 52.4 ಶತಕೋಟಿ ಡಾಲರಿನಲ್ಲಿ ಕುವೈತ್ ಪೆಟ್ರೋಲಿಯಂ ನಿಗಮದ ಒಂದೇ ಕೋರಿಕೆಗೆ 14.7 ಶತಕೋಟಿ ಹೋಯಿತು. ಆ ಕೊನೆಯ ಕಂತು ತೀರಿದ್ದು 2022ರ ಜನವರಿಯಲ್ಲಿ, ಆಕ್ರಮಣ ಮಾಡಿಸಿದವನನ್ನು ಗಲ್ಲಿಗೇರಿಸಿ ಹದಿನೈದು ವರ್ಷವಾದ ಮೇಲೆ. ಮರುತಿಂಗಳು ಆಯೋಗವನ್ನು ಮುಚ್ಚಲಾಯಿತು. ವಿಮೋಚನೆಯ ನಂತರ ಕುವೈತ್ ತಾನೇ ಹೊರಗಟ್ಟಿದ ಪ್ಯಾಲೆಸ್ತೀನಿಯರಿಗೆ ಆ ಹೊರಗಟ್ಟುವಿಕೆಯ ಲೆಕ್ಕದಲ್ಲಿ ಏನೂ ಸಿಗಲಿಲ್ಲ. ತಲೆಮಾರುಗಳಿಂದ ಅಲ್ಲಿದ್ದವರ ಕೆಲಸ, ಮನೆ ಎರಡೂ ಹೋದವು, ಹೊರಹಾಕಿದವರು ಗೆದ್ದವರಾಗಿದ್ದರು.

ಕುವೈತ್ ಇನ್ನೂ ಇರಾಕಿನ ವಶದಲ್ಲಿದ್ದ 1990ರ ಚಳಿಗಾಲದಲ್ಲೇ ನ್ಯೂಯಾರ್ಕಿನಲ್ಲಿ ಇನ್ನೊಂದು ಕಾಗದ ಸಿದ್ಧವಾಯಿತು. ವಲಸೆ ಕಾರ್ಮಿಕರ ಮತ್ತು ಅವರ ಕುಟುಂಬದವರ ಹಕ್ಕುಗಳ ಒಡಂಬಡಿಕೆಯನ್ನು ಡಿಸೆಂಬರ್ 18ರಂದು ಮಹಾಸಭೆ ಅಂಗೀಕರಿಸಿತು. ಕೆಲಸ ಹೋಯಿತೆಂಬ ಒಂದೇ ಕಾರಣಕ್ಕೆ ವಲಸೆಗಾರ ಅಕ್ರಮವಾಗಿ ನೆಲೆಸಿದವನಾಗಬಾರದು, ಬೇರೆ ಕೆಲಸ ಹುಡುಕಲು ಅವನಿಗೆ ಅವಕಾಶವಿರಬೇಕು ಎಂಬುದು ಅದರಲ್ಲಿದೆ. 1975ರ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 143ನೇ ಒಪ್ಪಂದವೂ ಈ ಮಾತನ್ನೇ ಹೇಳಿತ್ತು. ಒಡಂಬಡಿಕೆ ಜಾರಿಗೆ ಬರಲು 2003 ಆಯಿತು. ಕೊಲ್ಲಿ ದೇಶಗಳು ಸಹಿ ಹಾಕಲಿಲ್ಲ, ಭಾರತವೂ ಹಾಕಲಿಲ್ಲ. ಇಕಾಮಾ ಕಫೀಲನಿಗೆ ಅಂಟಿಕೊಂಡಿರುವವರೆಗೆ ಕೆಲಸ ಹೋದ ದಿನವೇ ಮನೆಯೂ ವೀಸಾವೂ ಹೋಗುತ್ತವೆ. ಜಿನೀವಾದ ಆಯೋಗ ಅದನ್ನು ಮುಟ್ಟಲೇ ಇಲ್ಲ, ಮುಟ್ಟುವುದು ಅದರ ಕೆಲಸವೂ ಆಗಿರಲಿಲ್ಲ.

ಭಾರತ ತನ್ನ ಕಡೆಯಿಂದ ಮಾಡಿದ್ದು ವಿಮೆ. 2003ರ ಡಿಸೆಂಬರಿನಿಂದ, ವಲಸೆ ಅನುಮತಿ ಪಡೆದು ಹೋಗುವ ಕಾರ್ಮಿಕರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯವಾಯಿತು. ಈಗ ಎರಡು ವರ್ಷಕ್ಕೆ 275 ರೂಪಾಯಿ ಕಂತು; ಸತ್ತರೆ, ಶಾಶ್ವತವಾಗಿ ಅಂಗವಿಕಲನಾದರೆ ಹತ್ತು ಲಕ್ಷ. 2009ರಲ್ಲಿ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಬಂತು. ಸಿಕ್ಕಿಬಿದ್ದವರಿಗೆ ಊಟ, ವಸತಿ, ಟಿಕೆಟ್ಟು ಅದರಿಂದ. ಮನೆಗೆ ಕರೆತರುವುದನ್ನು ನಮ್ಮ ಸರ್ಕಾರಗಳು ಚೆನ್ನಾಗಿ ಕಲಿತವು. ಬಾಕಿ ಸಂಬಳವನ್ನು ಕರೆತರುವುದನ್ನು ಕಲಿಯಲಿಲ್ಲ. 2016ರಲ್ಲಿ ಸೌದಿ ಓಜರ್ ಕಂಪನಿ ಕುಸಿದಾಗ ಜೆಡ್ಡಾದ ಶಿಬಿರಗಳಲ್ಲಿ ಸಾವಿರಾರು ಭಾರತೀಯರು ತಿಂಗಳುಗಟ್ಟಲೆ ಸಂಬಳವಿಲ್ಲದೆ, ಕಡೆಗೆ ಊಟಕ್ಕೂ ಇಲ್ಲದೆ ಉಳಿದರು. ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಟ್ವಿಟರಿನಲ್ಲೇ ಕೂಗು ಹಾಕಿದರು, ಅವರ ಇಲಾಖೆಯ ರಾಜ್ಯ ಸಚಿವ ವಿ.ಕೆ. ಸಿಂಗ್ ಜೆಡ್ಡಾಕ್ಕೆ ಹಾರಿದರು. ಬಂದವರು ಬಾಕಿ ಹಣದ ಹಕ್ಕನ್ನು ಕಾಗದದ ಮೇಲೆ ಬರೆದುಕೊಟ್ಟು ಬರಿಗೈಯಲ್ಲಿ ವಿಮಾನ ಹತ್ತಿದರು.

2020ರಲ್ಲಿ ಕೋವಿಡ್ ಬಂದಾಗ ಕೆಲಸ ಹೋದವರ ಸಂಖ್ಯೆಯ ಮುಂದೆ 1990 ಸಣ್ಣದು. ದುಬೈನಿಂದ ಮಂಗಳೂರಿಗೆ, ಸಿಕ್ಕಿಬಿದ್ದವರನ್ನು ಕರೆತರುವ ವಂದೇ ಭಾರತ್‌ನ ಮೊದಲ ವಿಮಾನ ಮೇ 12ರಂದು ಇಳಿಯಿತು, ನೇರವಾಗಿ ಬಜ್ಪೆಗೇ. ಟಿಕೆಟ್ಟಿನ ಹಣ ಕೊಟ್ಟದ್ದು ಕೆಲಸ ಕಳೆದುಕೊಂಡವರೇ. ಆ ಜೂನಿನಲ್ಲಿ ಏಷ್ಯಾದ ವಲಸೆ ಕಾರ್ಮಿಕ ಸಂಘಟನೆಗಳು ಕದ್ದ ಸಂಬಳಕ್ಕೆ ನ್ಯಾಯ ಬೇಕೆಂದು ಒಂದು ಚಳವಳಿ ಆರಂಭಿಸಿ, ಬಾಕಿಗಳನ್ನು ತೀರಿಸಲು ವಿಶೇಷ ನ್ಯಾಯ ವ್ಯವಸ್ಥೆ ಮತ್ತು ಪರಿಹಾರ ನಿಧಿ ಕೇಳಿದವು. ಜಿನೀವಾದ ಮಾದರಿ ಕಣ್ಣೆದುರಿಗೇ ಇತ್ತು, ಆಯೋಗ ಇನ್ನೂ ಮುಚ್ಚಿರಲಿಲ್ಲ. ಇಲ್ಲದಿದ್ದದ್ದು ಸೋತ ವೈರಿ. ರೋಗಾಣುವಿಗೆ ತೈಲಬಾವಿ ಇರುವುದಿಲ್ಲ, ಭದ್ರತಾ ಮಂಡಳಿ ಅದರ ಮೇಲೆ ನಿರ್ಣಯ ಹೊರಡಿಸಲಾಗದು. ಉಳಿದ ಹೊಣೆಗಾರರೆಂದರೆ ಕಂಪನಿಗಳು, ಆತಿಥೇಯ ಸರ್ಕಾರಗಳು, ಕಳಿಸಿದ ಸರ್ಕಾರಗಳು. ಇವರಲ್ಲಿ ಯಾರೂ ಯುದ್ಧದಲ್ಲಿ ಸೋತಿರಲಿಲ್ಲ.

ಕೊಲ್ಲಿಯಲ್ಲಿ ಆಮೇಲೆ ಬದಲಾವಣೆ ಬಂದೇ ಇಲ್ಲವೆಂದಲ್ಲ. ಕತಾರ್ 2018ರಲ್ಲಿ ಕಾನೂನು ಮಾಡಿ, ಕಂಪನಿ ಕೊಡದ ಸಂಬಳವನ್ನು ಮುಂದಾಗಿ ಕೊಡುವ ಕಾರ್ಮಿಕ ನಿಧಿ ಸ್ಥಾಪಿಸಿತು. ಸಂಯುಕ್ತ ಅರಬ್ ಎಮಿರೇಟ್ಸ್ 2023ರ ಜನವರಿ 1ರಿಂದ ನಿರುದ್ಯೋಗ ವಿಮೆಯನ್ನು ಪರದೇಶಿ ಕೆಲಸಗಾರರಿಗೂ ಕಡ್ಡಾಯ ಮಾಡಿತು. ಮೂಲ ಸಂಬಳ 16,000 ದಿರ್ಹಮ್‌ವರೆಗೆ ಇರುವವರಿಗೆ ತಿಂಗಳಿಗೆ ಐದು ದಿರ್ಹಮ್ ಕಂತು. ಕೆಲಸ ಹೋದರೆ ಮೂಲ ಸಂಬಳದ ನೂರಕ್ಕೆ ಅರವತ್ತರಂತೆ ಮೂರು ತಿಂಗಳವರೆಗೆ ಹಣ, ಅದಕ್ಕೆ ಕನಿಷ್ಠ ಹನ್ನೆರಡು ತಿಂಗಳು ಸತತವಾಗಿ ಕಂತು ಕಟ್ಟಿರಬೇಕು. ಹಣ ತಡವಾಗದೆ ಕೈಗೆ ಬರುತ್ತದೆ ಎಂಬ ಮಟ್ಟಿಗೆ ಇದು ಜಿನೀವಾಗಿಂತ ಮೇಲು.

ಎರಡನ್ನೂ ಪಕ್ಕಪಕ್ಕ ಇಟ್ಟರೆ ಷರತ್ತುಗಳು ತಿರುಗುಮುರುಗಾಗಿರುವುದು ಕಾಣುತ್ತದೆ. ಎ ವರ್ಗದ ಹಣ ಸಿಕ್ಕಿದ್ದು ದೇಶ ಬಿಟ್ಟು ಹೊರಟವರಿಗೆ. ಎಮಿರೇಟ್ಸ್ ವಿಮೆಯ ಹಣ ಸಿಗಬೇಕಾದರೆ ಕೆಲಸ ಹೋದವನು ಆ ದೇಶದಲ್ಲೇ ಸಕ್ರಮವಾಗಿ ಇರಬೇಕು. ಊರಿಗೆ ಹೊರಟರೆ ಹಕ್ಕು ಹೋಯಿತು. ಮನೆಗೆಲಸದವರು ಈ ವಿಮೆಯ ಹೊರಗಿದ್ದಾರೆ. 1990ರಲ್ಲಿ ಕುವೈತ್‌ನ ಸಾಲ್ಮಿಯಾದ ಅಡುಗೆಮನೆಯಿಂದ ಹೊರಟು ಶಾಲಾನ್ ಮರಳನ್ನು ದಾಟಿ ಬಂದ ಹೆಂಗಸು ಎ ವರ್ಗದ ಅರ್ಜಿ ಹಾಕಿದ್ದರೆ, ಅವಳಿಗೆ ಮಂಜೂರಾಗುತ್ತಿದ್ದ ಮೊತ್ತವೂ ಅದೇ ವರ್ಗದಲ್ಲಿ ಅರ್ಜಿ ಹಾಕಿದ ಎಂಜಿನಿಯರನಿಗೆ ಮಂಜೂರಾಗುತ್ತಿದ್ದ ಮೊತ್ತವೂ ಒಂದೇ.